ಹತ್ತನೇ ಹೆಸರು

ಕೇಳೋದಾದ್ರೆ ಸುಮ್ನೆ ಕೂತು ಕೇಳಿ, ನಗೋರು ಈಗಲೇ ಎದ್ದು ಹೋಗಿ. ಇದು ನನ್ನ ಚಿಕ್ಕಮ್ಮನ ಮಗಳಿಗೆ ಆಗಿದ್ದು. ಸರ್ಕಾರಿ ಶಾಲೆ ಟೀಚರು ಅವಳು. ಕಡ್ಡೀನ ಗುಡ್ಡ ಮಾಡೋ ಪೈಕಿ ಅಲ್ಲ.

ಮಾರನೇ ದಿನ ತಪಾಸಣೆಗೆ ಸಾಹೇಬ್ರು ಬರೋರಿದ್ರು. ಹಾಜರಿ ಪುಸ್ತಕ ಎಲ್ಲ ಸರಿ ಮಾಡಿ ಹೊರಡೋ ಹೊತ್ತಿಗೆ ಕತ್ತಲಾಗಿತ್ತು. ಗೇಟಿಗೆ ಹೋಗೋಕೆ ಅಂಗಳದ ಹಾಳುಬಾವಿ ದಾಟಬೇಕು. ಬಾವಿ ಹತ್ರ ಬಂದ್ಲು... ಹಿಂದೆ ಸದ್ದು. ಚಟ್... ಸರ್ರ್... ಚಟ್... ಸರ್ರ್. ಒಂದು ಚಪ್ಪಲಿ ನೆಟ್ಟಗಿದೆ, ಇನ್ನೊಂದು ನೆಲಕ್ಕೆ ಎಳೀತಿದೆ, ಹಂಗೆ.

ಇವಳು ನಿಂತ್ಲು. ಅದೂ ನಿಂತಿತು.

ಆ ನಡಿಗೆ ಯಾರದ್ದು ಅಂತ ಇವಳಿಗೆ ಗೊತ್ತು.

ಏನಪ್ಪಾ ಅಂದ್ರೆ, ಆ ಶಾಲೇಲಿ ಇದ್ದಿದ್ದೇ ಹತ್ತು ಮಕ್ಕಳು. ಒಂದು ಕಮ್ಮಿ ಆದ್ರೂ ಬೀಗ ಹಾಕ್ತೀವಿ ಅಂತ ಮೇಲಿನವರು ಹೇಳಿಬಿಟ್ಟಿದ್ರು. ಬೀಗ ಬಿದ್ರೆ ಇನ್ನೊಂದು ಶಾಲೆಗೆ ಲಾರಿ ಓಡಾಡೋ ರಸ್ತೇಲಿ ಐದು ಮೈಲಿ ನಡೀಬೇಕು. ಹೆಣ್ಣುಮಕ್ಕಳನ್ನ ಯಾರು ಕಳಿಸ್ತಾರೆ? ಅಷ್ಟರಲ್ಲಿ ಎರಡನೇ ಕ್ಲಾಸಿನ ಒಂದು ಹುಡುಗಿ, ಗುಬ್ಬಿ ಅಂತ ಕರೀತಿದ್ರು, ಕ್ಲಾಸಲ್ಲೇ ಜ್ವರ ಬಂದು ಮಲಗಿಬಿಟ್ಲು. ಅವರಪ್ಪ ಹೆಗಲ ಮೇಲೆ ಹಾಕ್ಕೊಂಡು ಹೋದ. ಮೂರನೇ ದಿನ ಮಗು ಹೋಗೇಬಿಡ್ತು. ಚಪ್ಪಲಿ ಕ್ಲಾಸಿನ ಬಾಗಿಲಲ್ಲೇ ಉಳೀತು, ಕಿತ್ತ ಪಟ್ಟಿಗೆ ಪಿನ್ನು ಹಾಕಿದ ಚಪ್ಪಲಿ. ವಾಪಸ್ ಕೊಡೋಕೆ ನಮ್ಮವಳಿಗೆ ಮುಖ ಇರ್ಲಿಲ್ಲ. ಯಾಕಂದ್ರೆ... ಗುಬ್ಬಿ ಹೆಸರನ್ನ ಅವಳು ಪುಸ್ತಕದಿಂದ ಹೊಡೆದೇ ಹಾಕಿರ್ಲಿಲ್ಲ. ಎರಡು ತಿಂಗಳಿಂದ ದಿನಾ ಹಾಜರಿ ಹಾಕ್ತಾನೇ ಇದ್ಲು. ಸಾಹೇಬ್ರು ಬಂದಾಗ ಯಾರದೋ ಮಗೂನ ಆ ಜಾಗದಲ್ಲಿ ಕೂರಿಸೋದು ಅಂತಾನೂ ಗೊತ್ತು ಮಾಡಿದ್ಲು.

"ಟೀಚರ್..."

ಪಿಸುಮಾತು. ಇವಳ ಸೊಂಟದ ಎತ್ತರದಿಂದ ಬಂತು. ಇವಳು ತಿರುಗಲಿಲ್ಲ.

"ಏನು ಮರೀ?"

"ಎಲ್ರೂ ಮನೆಗೆ ಹೋದ್ರು. ನನ್ನ ಯಾವಾಗ ಬಿಡ್ತೀರಾ?"

"ಹೋಗಮ್ಮ... ಹೋಗು."

"ಹಾಜರಿ ಹಾಕಿದೀರಲ್ಲ, ಟೀಚರ್. ಗೇಟು ದಾಟೋಕಾಗ್ತಿಲ್ಲ."

ಅಲ್ಲಿಂದ ಓಡಿ ಬರಬಹುದಿತ್ತು. ನಾನಾಗಿದ್ರೆ ಓಡ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಇವಳು ವಾಪಸ್ ಹೋದ್ಲು. ಬೀಗ ತೆಗೆದ್ಲು. ಪುಸ್ತಕ ಬಿಚ್ಚಿ ಹತ್ತನೇ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಮಗು ಸತ್ತ ತಾರೀಕು ಬರೆದ್ಲು. ಹೊರಗೆ... ಚಟ್... ಸರ್ರ್... ಚಟ್... ಸರ್ರ್... ಗೇಟು ಕಿರ್ ಅಂತು. ಆಮೇಲೆ ಏನೂ ಇಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತಳಂತೆ.

ಮಾರನೇ ದಿನ ಸಾಹೇಬ್ರು ಎಣಿಸಿದ್ರು. ಒಂಬತ್ತು. ತಿಂಗಳೊಳಗೆ ಶಾಲೆಗೆ ಬೀಗ ಬಿತ್ತು. ಗಂಡುಹುಡುಗರು ಐದು ಜನ ದೂರದ ಶಾಲೆಗೆ ಹೋದ್ರು. ನಾಲ್ಕು ಹೆಣ್ಣುಮಕ್ಕಳು ಈಗಲೂ ಮನೇಲಿ ಪಾತ್ರೆ ಉಜ್ಜುತ್ತಿವೆ. "ಒಬ್ಬಳನ್ನ ಮನೆಗೆ ಕಳಿಸೋಕೆ ಹೋಗಿ ನಾಲ್ವರನ್ನ ಮನೇಲಿ ಕೂರಿಸಿದೆ ಕಣೇ" ಅಂತಾಳೆ ನನ್ನ ಹತ್ರ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಇದೊಂದು ಕೇಳಿ. ತಪಾಸಣೆ ದಿನ ಬೆಳಗ್ಗೆ, ಸಾಹೇಬ್ರು ಬರೋಕೂ ಮುಂಚೆ, ಗುಬ್ಬಿ ತಾಯಿ ಶಾಲೆಗೆ ಬಂದಿದ್ಲು. ಅವಳಿಗೆ ಇದ್ಯಾವುದೂ ಗೊತ್ತಿಲ್ಲ.

"ಟೀಚರ್, ರಾತ್ರಿ ಚಪ್ಪಲಿ ತಂದಿಟ್ಟಿದ್ದು ನೀವಾ? ಕರೆದಿದ್ರೆ ಎದ್ದು ಬರ್ತಿದ್ನಲ್ಲ."

ಆ ಚಪ್ಪಲೀನ ಅವತ್ತೇ ನಾನೇ ಹೋಗಿ ನೋಡಿದೀನಿ, ಅವರ ಮನೆ ಹೊಸ್ತಿಲ ಹತ್ರ. ತಾಯಿ ಮುಟ್ಟಿರ್ಲಿಲ್ಲ. ಪಿನ್ನು ಹಂಗೇ ಇತ್ತು. ಅಡೀಲಿ ಹಸಿಮಣ್ಣು ಅಂಟಿತ್ತು.