ಕಲ್ಲಾಮೆಯನ್ನು ಎತ್ತಿಕೊಂಡು ಹೋದದ್ದು ನಾನೇ

ಹೆಸರು: ಪೂಲಕ್ಕ (ಕೆಲಸದ ಮನೆಗಳಲ್ಲೆಲ್ಲ ಹೀಗೇ ಕರೆಯುತ್ತಾರೆ, ಗುರುತಿನ ಚೀಟಿಯಲ್ಲಿರುವ ಹೆಸರು ಹಿಡಿದು ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ). ವಯಸ್ಸು: 51. ಉದ್ಯೋಗ: ಮನೆಗಳ ಈಜುಕೊಳ ಶುಚಿ ಮಾಡುವುದು, ಹದಿನಾರು ವರ್ಷದಿಂದ. ವಾಸ: ಬಸ್ ಡಿಪೋ ಹಿಂದಿನ ಬೀದಿ, ಲಾಂಡ್ರಿ ಅಂಗಡಿಯ ಮೇಲಿನ ಮಹಡಿ.

ಮೇಲ್ಕಂಡ ನಾನು ಠಾಣೆಯಿಂದ ಕರೆ ಬಂದ ಮೇರೆಗೆ ಈ ದಿನ ಬೆಳಿಗ್ಗೆ 9.30ಕ್ಕೆ ಹಾಜರಾಗಿ, ಕೇಳಿದ್ದಕ್ಕೂ ಕೇಳದೇ ಬಿಟ್ಟದ್ದಕ್ಕೂ ಸೇರಿಸಿ ಈ ಮೂಲಕ ತಿಳಿಸುವುದೇನೆಂದರೆ:

ಕನ್ನಡಕದ ಅಂಗಡಿ ಮಾಲೀಕರು ಸೋಮವಾರ ಕೊಟ್ಟ ದೂರನ್ನು ನನಗೆ ಓದಿ ಹೇಳಿದರು. ಭಾನುವಾರ ಅವರ ಹಿತ್ತಲಿನಿಂದ ಒಂದು ಅಲಂಕಾರಿಕ ಕಲ್ಲಿನ ಆಮೆ ಕಾಣೆಯಾಗಿದೆ, ಕೊಳ ತೊಳೆಯುವ ಹೆಂಗಸಿನ ಮೇಲೆ ಅನುಮಾನವಿದೆ ಎಂದು ಬರೆದಿದ್ದಾರೆ. ಅನುಮಾನ ಏಕೆ? ಆಮೆಯನ್ನು ನಾನೇ ತೆಗೆದುಕೊಂಡು ಹೋದದ್ದು. ಲಾಂಡ್ರಿಯ ತಕ್ಕಡಿಯಲ್ಲಿ ತೂಗಿಸಿದ್ದೇನೆ, 9 ಕಿಲೋ 400 ಗ್ರಾಂ ಇದೆ. ಈಗ ಅದು ಇದೇ ಮೇಜಿನ ಕೆಳಗೆ, ಹೇಳಿಕೆ ಬರೆದುಕೊಳ್ಳುತ್ತಿರುವ ಮುಖ್ಯ ಪೇದೆಯವರ ಎಡಗಾಲಿನ ಪಕ್ಕದಲ್ಲಿದೆ. ಕದ್ದವರು ಮಾಲು ಹೊತ್ತುಕೊಂಡು ತಾವಾಗಿ ಠಾಣೆಗೆ ಬರುವುದಿಲ್ಲ.

ಸದರಿ ಮನೆಗೆ ನಾಲ್ಕು ವರ್ಷದಿಂದ ಭಾನುವಾರ ಮತ್ತು ಬುಧವಾರ ಹೋಗುತ್ತೇನೆ. ಕೊಳ ಮನೆಯ ಹಿಂದೆ ಇದೆ. ಉದ್ದ 9 ಮೀಟರ್, ಅಗಲ 4 ಮೀಟರ್, ಮೆಟ್ಟಿಲಿರುವ ಕಡೆ ಆಳ ಮೂರು ಅಡಿ, ಆ ಕೊನೆಯಲ್ಲಿ ಆರು ಅಡಿ. ಸುತ್ತಲೂ ಕಬ್ಬಿಣದ ಕಂಬಿಗಳ ಬೇಲಿ, ಎತ್ತರ ಐದು ಅಡಿ. ಅಡುಗೆಮನೆಯ ಹಿಂಬಾಗಿಲಿನಿಂದ ಬೇಲಿಯ ಗೇಟಿಗೆ ನನ್ನ ಹೆಜ್ಜೆಯಲ್ಲಿ ಹದಿನಾಲ್ಕು ಹೆಜ್ಜೆ. ಗೇಟಿಗೆ ಸ್ಪ್ರಿಂಗ್ ಇದೆ. ಕೈ ಬಿಟ್ಟರೆ ನಾಲ್ಕು ಸೆಕೆಂಡಿನಲ್ಲಿ ತಾನೇ ಮುಚ್ಚಿಕೊಂಡು ಚಿಲಕ ಬೀಳುತ್ತದೆ. ಚಿಲಕ ನನ್ನ ಕುತ್ತಿಗೆಯ ಎತ್ತರಕ್ಕಿದೆ, ಮಕ್ಕಳ ಕೈಗೆ ಸಿಗುವುದಿಲ್ಲ. ಇಷ್ಟು ಒಳ್ಳೆಯ ಗೇಟು ನಾನು ಹೋಗುವ ಹದಿನಾಲ್ಕು ಮನೆಗಳಲ್ಲಿ ಇನ್ನೆಲ್ಲೂ ಇಲ್ಲ. ಅದಕ್ಕಿರುವ ತೊಂದರೆ ಒಂದೇ, ಆ ಮನೆಯಲ್ಲಿ ಮನುಷ್ಯರೂ ಇದ್ದಾರೆ.

ಜನವರಿಯಲ್ಲಿ ಮನೆಯ ಯಜಮಾನಿಯವರು, ಟ್ರೇ ಹಿಡಿದು ಬರುವಾಗ ಗೇಟು ಮೊಣಕೈಗೆ ಬಡಿಯುತ್ತದೆ, ಅದರ ಸದ್ದಿಗೆ ಯಜಮಾನರ ಭಾನುವಾರದ ನಿದ್ದೆಯೂ ಕೆಡುತ್ತದೆ ಎಂದರು. ಅಂದಿನಿಂದ ಹೂವಿನ ಪಾತಿಯಲ್ಲಿದ್ದ ಕಲ್ಲಾಮೆ, ಮುಚ್ಚಿಕೊಳ್ಳದಂತೆ ಗೇಟಿಗೆ ಒತ್ತು ಕೊಡುವ ಕೆಲಸಕ್ಕೆ ಸೇರಿತು. ನಾನು ಹೋದಾಗ ಪಕ್ಕಕ್ಕಿಡುತ್ತಿದ್ದೆ, ಮುಂದಿನ ಸಲ ಹೋಗುವಷ್ಟರಲ್ಲಿ ಮತ್ತೆ ಅಲ್ಲೇ ಇರುತ್ತಿತ್ತು. ಯಜಮಾನಿಯವರಿಗೆ ಹೇಳಿದೆ. ಪಾಪ, ಆಮೆಗೂ ಒಂದು ಉದ್ಯೋಗ ಬೇಡವೇ ಎಂದು ನಕ್ಕರು. ಯಜಮಾನರಿಗೆ ಹೇಳಿದೆ. ಮನೆಯಲ್ಲಿರುವವರಿಗೆಲ್ಲ ಈಜು ಬರುತ್ತದೆ, ಬೀಳುವವರು ಯಾರು ಎಂದು ಕೇಳಿದರು. ಆಗ ಆ ಮಾತು ಸರಿಯಾಗಿತ್ತು, ನಾನು ಸುಮ್ಮನಾದೆ.

ಮಾರ್ಚ್ ತಿಂಗಳಲ್ಲಿ ಅವರ ಮಗಳು ತನ್ನ ಕೂಸನ್ನು ಕರೆದುಕೊಂಡು ತವರಿಗೆ ಬಂದರು. ಕೂಸಿಗೆ ಎರಡು ವರ್ಷ ನಾಲ್ಕು ತಿಂಗಳು. ಎಲ್ಲರೂ ಗುಬ್ಬಿ ಎನ್ನುತ್ತಾರೆ. ಗುಬ್ಬಿ ನಡೆದದ್ದನ್ನು ನಾನು ನೋಡಿಲ್ಲ, ಓಡುವುದನ್ನು ಮಾತ್ರ ನೋಡಿದ್ದೇನೆ. ಇನ್ನು ಆಮೆ ಬೇಡ ಎಂದು ಯಜಮಾನರಿಗೆ ಮೂರು ಸಲ ಹೇಳಿದೆ. ಮಗುವಿನ ಮೇಲೆ ಸದಾ ಒಂದು ಕಣ್ಣಿರುತ್ತದೆ ಎಂದರು. ಯಾರ ಕಣ್ಣು ಎಂದು ಕೇಳಿದೆ. ಎಲ್ಲರದೂ ಎಂದರು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂಬ ಗಾದೆ ಅವರಿಗೆ ಗೊತ್ತಿರಲಿಕ್ಕಿಲ್ಲ. ನನ್ನ ಕಸುಬಿನಲ್ಲಿ ಎಲ್ಲರ ಕಣ್ಣು ಎಂದರೆ ಯಾರ ಕಣ್ಣೂ ಇಲ್ಲವೆಂದೇ ಲೆಕ್ಕ.

ಪಂಪಿನ ಕೋಣೆಯಲ್ಲಿ ಒಂದು ಕಾರ್ಡು ತೂಗುಹಾಕಿದೆ. ಪ್ರತಿ ಸಲ ನೀರು ಪರೀಕ್ಷಿಸಿ ಅದರಲ್ಲಿ ಬರೆಯುತ್ತೇನೆ, ಮನೆಯವರು ಕೆಳಗೆ ಸಹಿ ಹಾಕಬೇಕು. ಮಾರ್ಚ್‌ನಿಂದ ಈಚೆಗೆ ಹನ್ನೊಂದು ಸಲ ನಾನು ಅದರಲ್ಲಿ ‘ಗೇಟಿಗೆ ಆಮೆ ಒತ್ತು ಕೊಟ್ಟಿದೆ, ತೆಗೆಯಬೇಕು’ ಎಂದು ಬರೆದಿದ್ದೇನೆ. ಹನ್ನೊಂದಕ್ಕೂ ಯಜಮಾನರ ಸಹಿ ಇದೆ. ಊರಿಗೆಲ್ಲ ಸಣ್ಣಕ್ಷರ ಕಾಣುವಂತೆ ಮಾಡುವವರು ಅವರು. ದೀಪದ ಬುಡದಲ್ಲೇ ಕತ್ತಲು. ಸದರಿ ಕಾರ್ಡನ್ನೂ ಹಾಜರುಪಡಿಸುತ್ತಿದ್ದೇನೆ. ಅದನ್ನು ತಂದದ್ದಕ್ಕೆ ಇನ್ನೊಂದು ದೂರು ಬಂದರೆ ಇದರ ಜೊತೆಗೇ ಸೇರಿಸಿಕೊಳ್ಳಬಹುದು.

ಜೂನ್ 8, ಭಾನುವಾರ ಬೆಳಿಗ್ಗೆ 10.05ಕ್ಕೆ ಸ್ಕೂಟರ್ ನಿಲ್ಲಿಸಿ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದೆ. ಅಂಗಡಿಯ ಕೆಲಸದವರನ್ನು ಊಟಕ್ಕೆ ಕರೆದಿದ್ದರು. ಹಿಂದಿನ ವರಾಂಡದಲ್ಲಿ ಮನೆಯವರೂ ಅತಿಥಿಗಳೂ ಸೇರಿ ಒಂಬತ್ತು ಜನ ದೊಡ್ಡವರಿದ್ದರು. ಆಮೆ ಗೇಟಿಗೆ ಒತ್ತು ಕೊಟ್ಟಿತ್ತು. ನನ್ನ ಒಂದು ಕೈಯಲ್ಲಿ ಎಲೆ ತೆಗೆಯುವ ಬಲೆ, ಇನ್ನೊಂದರಲ್ಲಿ ಬಕೆಟ್ಟು ಇತ್ತು. ಇವನ್ನು ಇಳಿಸಿ ಬಂದು ಆಮೆ ಸರಿಸಿದರಾಯಿತು ಎಂದುಕೊಂಡು ತೆರೆದ ಗೇಟಿನೊಳಗೆ ನಾನೂ ಹಾದು ಹೋದೆ. ಇದು ನನ್ನ ತಪ್ಪು. ಇದನ್ನು ಬರೆದುಕೊಳ್ಳಬೇಕು. ಬಲೆಯನ್ನು ಬೇಲಿಯೊಳಗಿನ ಪಂಪಿನ ಕೋಣೆಯ ಹೊರಗೆ ಒರಗಿಸಿ, 10.12ಕ್ಕೆ ಕೋಣೆಯೊಳಗೆ ಹೋಗಿ ಫಿಲ್ಟರಿನ ಬುಟ್ಟಿ ತೆಗೆದು ತೊಳೆದೆ. 10.16ಕ್ಕೆ ಹೊರಗೆ ಬಂದೆ.

ಕೊಳದ ಅಂಚಿನ ಟೈಲ್ಸಿನ ಮೇಲೆ ಒಂದು ಪುಟ್ಟ ಕೆಂಪು ಚಪ್ಪಲಿ ಇತ್ತು. ಒಂದೇ ಇತ್ತು. ಅದರ ಮೂತಿ ನೀರಿನ ಕಡೆಗಿತ್ತು. ಮೊದಲು ನೀರು ನೋಡು, ಆಮೇಲೆ ಕೂಗು ಎನ್ನುವುದು ನಾನು ಕಲಿತ ಪಾಠ. ನೋಡಿದೆ. ಗುಬ್ಬಿ ಎರಡನೇ ಮೆಟ್ಟಿಲಿನ ಮೇಲೆ ನಿಂತಿತ್ತು. ನೀರು ಗಲ್ಲದವರೆಗೆ ಬಂದಿತ್ತು. ಇನ್ನೊಂದು ಮೆಟ್ಟಿಲು ಇಳಿದಿದ್ದರೆ ತಲೆ ಮುಳುಗುತ್ತಿತ್ತು. ಅಳುತ್ತಿರಲಿಲ್ಲ. ನೀರಿಗಿಳಿದ ಮಕ್ಕಳು ಸದ್ದು ಮಾಡುವುದಿಲ್ಲ, ದೊಡ್ಡವರು ಸದ್ದಿಗಾಗಿ ಕಾಯುತ್ತಾರೆ. ಆಗ ಆ ಹಿತ್ತಲಿನಲ್ಲಿ ಕೇಳುತ್ತಿದ್ದ ಸದ್ದು ಒಂದೇ, ವರಾಂಡದಲ್ಲಿ ಒಂಬತ್ತು ಜನ ನಗುತ್ತಿದ್ದದ್ದು. ನಾನು ಚಪ್ಪಲಿ ಕಾಲಲ್ಲೇ ಇಳಿದು ಎತ್ತಿಕೊಂಡೆ. ಮಗುವಿನ ಕೈಯಲ್ಲಿ ಇನ್ನೊಂದು ಚಪ್ಪಲಿ ಇತ್ತು. ಚಪ್ಪಿ ತೊಳೀತೀನಿ ಎಂದು ಹೇಳಿತು.

10.17ಕ್ಕೆ ವರಾಂಡದ ಮೆಟ್ಟಿಲ ಬಳಿ ನಿಂತೆ. ಯಜಮಾನಿಯವರು ಹೊಸ ಫ್ರಾಕು ಹೇಗೆ ಒದ್ದೆಯಾಯಿತು ಎಂದು ಕೇಳಿದರು. ಮಗುವಿನ ತಾಯಿ ಅದನ್ನು ಕಿತ್ತುಕೊಂಡವರು ಹಾಗೇ ನೆಲದ ಮೇಲೆ ಕುಳಿತುಬಿಟ್ಟರು. ಯಜಮಾನರು ಎದ್ದು ಬಂದು ನನ್ನನ್ನು ಗೋಡೆಯ ಮರೆಗೆ ಕರೆದರು. “ಏನೂ ಆಗ್ಲಿಲ್ವಲ್ಲ ಪೂಲಕ್ಕ, ಬಿಟ್ಬಿಡಿ. ಬಂದವರ ಮುಂದೆ ಯಾಕೆ” ಎಂದರು. ನೀರಿನ ಟ್ಯಾಂಕ್ ಪಕ್ಕದ ಮನೆಯಲ್ಲಿ ಆ ದುರ್ಘಟನೆ ಆದ ಮೇಲೆ ತಾವು ಬೇಲಿಯನ್ನು ನಾಲ್ಕು ಅಡಿಯಿಂದ ಐದು ಅಡಿಗೆ ಎತ್ತರಿಸಿರುವುದಾಗಿಯೂ, ಒಬ್ಬ ಮನುಷ್ಯ ಇದಕ್ಕಿಂತ ಹೆಚ್ಚು ಏನು ಮಾಡಲು ಸಾಧ್ಯ ಎಂದೂ ಹೇಳಿದರು.

ಆ ಮಾತು ಕೇಳಿ ನಾನು ನೇರ ಗೇಟಿನ ಕಡೆಗೆ ಹೊರಟೆ. ಕಾರಣವನ್ನು ಹೇಳುತ್ತೇನೆ. ಇದನ್ನು ಯಾರೂ ನನ್ನನ್ನು ಕೇಳಿಲ್ಲ.

ನೀರಿನ ಟ್ಯಾಂಕ್ ಪಕ್ಕದ ಮನೆಯಲ್ಲಿ ಒಂಬತ್ತು ವರ್ಷದ ಹಿಂದೆ ಮೂರು ವರ್ಷದ ಹೆಣ್ಣುಮಗುವನ್ನು ಕೊಳದಿಂದ ಮೇಲೆತ್ತಿದವಳು ನಾನೇ. ಅದು ಬದುಕಲಿಲ್ಲ. ಅಂದು ಬೆಳಿಗ್ಗೆ 11.20ಕ್ಕೆ ನಾನು ಹೋದಾಗ ಗೇಟಿಗೆ ಒಂದು ಹೂಕುಂಡ ಒತ್ತು ಕೊಟ್ಟಿತ್ತು. ಬಟ್ಟೆ ಒಣಗಿಸಲು ಓಡಾಡುವಾಗ ತಾಯಿ ಅದನ್ನು ಇಟ್ಟಿದ್ದರು. ಡಾಕ್ಟರು ಬಂದು ಹೋದ ಮೇಲೆ ತಂದೆ ಆ ಕುಂಡವನ್ನು ಎತ್ತಿ ಅದರ ಜಾಗದಲ್ಲಿಟ್ಟದ್ದನ್ನು ನೋಡಿದೆ. ಅವರು ಕಾಂಪೌಂಡಿನ ಹೊರಗೆ ನನ್ನ ಎರಡೂ ಕೈ ಹಿಡಿದುಕೊಂಡು, “ಅಕ್ಕ, ಕುಂಡದ ವಿಷಯ ಹೇಳಬೇಡಿ. ಗೊತ್ತಾದ್ರೆ ಇವಳು ಉಳಿಯಲ್ಲ” ಎಂದರು. ನಾನು ಒಪ್ಪಿದೆ. ಇದೇ ಠಾಣೆಯಲ್ಲಿ, ಆ ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತು, ಗೇಟು ಮುಚ್ಚಿತ್ತು, ಮಗು ಬೇಲಿ ಹತ್ತಿ ಇಳಿದಿರಬೇಕು ಎಂದು ಹೇಳಿಕೆ ಕೊಟ್ಟು ಸಹಿ ಹಾಕಿದೆ. ಅಂದು ಪುಣ್ಯದ ಕೆಲಸ ಮಾಡಿದೆನೆಂದೇ ತಿಳಿದಿದ್ದೆ. ಹೋದ ಮಗುವಿಗೆ ಒಂದು ಮಾತಿನಿಂದ ಇನ್ನೇನು ಕೆಡುಕಾದೀತು ಎಂದುಕೊಂಡಿದ್ದೆ.

ಕೆಡುಕಾದದ್ದು ಇದ್ದ ಮಕ್ಕಳಿಗೆ. ಮೂರು ವರ್ಷದ ಮಗು ನಾಲ್ಕು ಅಡಿಯ ನುಣ್ಣನೆಯ ಕಂಬಿ ಹತ್ತಿತೆಂದು ಬಡಾವಣೆಗೆ ಬಡಾವಣೆಯೇ ನಂಬಿತು. ಒಂದು ವರ್ಷದಲ್ಲಿ, ನಾನು ಹೋಗುವ ಮನೆಗಳ ಪೈಕಿ ಹನ್ನೊಂದರಲ್ಲಿ ಬೇಲಿ ಎತ್ತರಿಸಿದರು. ವೆಲ್ಡಿಂಗಿನವನಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಗೇಟು ತಾನಾಗಿ ಮುಚ್ಚಿಕೊಳ್ಳುತ್ತದೆಯೇ, ಅದಕ್ಕೆ ಯಾರಾದರೂ ಕುರ್ಚಿ, ಇಟ್ಟಿಗೆ ಒತ್ತು ಕೊಡುತ್ತಾರೆಯೇ ಎಂದು ಒಬ್ಬರೂ ನೋಡಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇವರು ದಿಡ್ಡಿ ಬಾಗಿಲನ್ನು ಹಾಗೇ ಬಿಟ್ಟು ಕೋಟೆ ಎತ್ತರಿಸಿದರು. ಹಾಗೆ ಮಾಡಿ ಎಂದು ಸಹಿ ಹಾಕಿ ಕೊಟ್ಟವಳು ನಾನು. ಹನ್ನೊಂದು ಸಲ ಕಾರ್ಡು ಬರೆದೆನೆಂದು ಮೇಲೆ ಜಂಬದಿಂದ ಹೇಳಿದೆನಲ್ಲ, ಬರೆಯಬೇಕಿದ್ದ ಜಾಗದಲ್ಲಿ ಒಂದೇ ಒಂದು ಸಲ ನಿಜ ಬರೆಸಿದ್ದರೆ ಸಾಕಾಗಿತ್ತು.

ಭಾನುವಾರ 10.25ಕ್ಕೆ ಗೇಟಿನ ಬಳಿ ಹೋಗಿ ಆಮೆಯನ್ನು ಎತ್ತಿಕೊಂಡೆ. ಹಿಂದೆ ಗೇಟು ಮುಚ್ಚಿಕೊಂಡು ಚಿಲಕ ಬಿದ್ದ ಸದ್ದು ಕೇಳುವವರೆಗೆ ನಿಂತಿದ್ದೆ. ಆಮೆಯನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿಟ್ಟುಕೊಂಡು ಹೊರಟೆ. ಸಂಜೆ 4.30ಕ್ಕೆ ಯಜಮಾನರು ಫೋನ್ ಮಾಡಿ ಆಮೆಯನ್ನು ವಾಪಸ್ಸು ತನ್ನಿ, ಇಲ್ಲವಾದರೆ ಪೊಲೀಸರಿಗೆ ದೂರು ಕೊಡುತ್ತೇನೆ ಎಂದರು. ಕೊಡಿ, ನನಗೂ ಅಲ್ಲಿ ಸ್ವಲ್ಪ ಕೆಲಸವಿದೆ ಎಂದೆ. ಮಾತಿಗೆ ತಪ್ಪದೆ ಕೊಟ್ಟಿದ್ದಾರೆ.

ನಿನ್ನೆ ಮಂಗಳವಾರ ಬೆಳಿಗ್ಗೆ 8 ಗಂಟೆಗೆ ನೀರಿನ ಟ್ಯಾಂಕ್ ಪಕ್ಕದ ಮನೆಗೆ ಹೋಗಿದ್ದೆ. ಅಲ್ಲಿ ಈಗ ಕೊಳ ಇಲ್ಲ, ಮಣ್ಣು ತುಂಬಿಸಿದ್ದಾರೆ. ತಾಯಿ ಬಾಗಿಲು ತೆಗೆದರು. ತಂದೆ ಒಳಗಿನ ಕೋಣೆಯಲ್ಲಿದ್ದರು, ಹೊರಗೆ ಬರಲಿಲ್ಲ. ಠಾಣೆಯಲ್ಲಿ ಕುಂಡದ ವಿಷಯ ಹೇಳುವುದಾಗಿಯೂ, ಹೇಳುವ ಮೊದಲು ಅವರಿಗೆ ತಿಳಿಸಲು ಬಂದಿರುವುದಾಗಿಯೂ ಹೇಳಿದೆ. ಆ ತಾಯಿ, “ಕುಂಡ ಇಟ್ಟೋಳು ನಾನಲ್ವಾ ಅಕ್ಕ. ನನಗೆ ಗೊತ್ತಿಲ್ಲ ಅಂತ ನೀವಿಬ್ಬರೂ ಹೇಗೆ ಅಂದ್ಕೊಂಡ್ರಿ? ಯಾರಾದ್ರೂ ಕೇಳ್ತಾರೆ ಅಂತ ಒಂಬತ್ತು ವರ್ಷ ಕಾದೆ. ಬರೆಸಿ” ಎಂದರು. ನನಗೆ ಅಳು ಬಂತು. ಅವರು ಅಳಲಿಲ್ಲ.

ಇಂದು ಬೆಳಿಗ್ಗೆ 7.10ಕ್ಕೆ ಗುಬ್ಬಿಯ ತಾಯಿ ಫೋನ್ ಮಾಡಿದರು. ಬುಧವಾರವಾದ್ದರಿಂದ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರು. ಅಪ್ಪನಿಗೆ ತಾನು ಹೇಳಿಕೊಳ್ಳುವುದಾಗಿ ತಿಳಿಸಿದರು. ಗೇಟಿನ ಸದ್ದು ಕಡಿಮೆಯಾಗಲು ಏನು ಮಾಡಬೇಕು ಎಂದೂ ಕೇಳಿದರು. ಸ್ಪ್ರಿಂಗಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಸಾಕು ಎಂದೆ. ಆ ನಾಲ್ಕು ಹನಿಯನ್ನು ಜನವರಿಯಲ್ಲೇ ನಾನೇ ಬಿಡಬಹುದಿತ್ತು, ಅದನ್ನೂ ಬರೆದುಕೊಳ್ಳಬೇಕು. ಬೈಯುವುದು ಸುಲಭ, ಎಣ್ಣೆಯ ಡಬ್ಬಿ ಸ್ಕೂಟರಿನಲ್ಲೇ ಇತ್ತು.

ಆಮೆಯ ಬಗ್ಗೆ ನನ್ನ ಕೊನೆಯ ಮಾತು: ಅದನ್ನು ಯಜಮಾನರಿಗೆ ಹಿಂದಿರುಗಿಸಬಹುದು. ಹೂವಿನ ಪಾತಿಯಲ್ಲಿಟ್ಟರೆ ನಾನೇ ಮೈ ತೊಳೆದು ಕೊಡುತ್ತೇನೆ. ಗೇಟಿನ ಬುಡದಲ್ಲಿಟ್ಟರೆ ಮತ್ತೆ ಎತ್ತಿಕೊಂಡು ಹೋಗುತ್ತೇನೆ, ಎಷ್ಟು ಸಲ ಇಟ್ಟರೂ ಅಷ್ಟು ಸಲ. ಅದಕ್ಕೂ ಸೇರಿಸಿ ಈಗಲೇ ಸಹಿ ಹಾಕುತ್ತಿದ್ದೇನೆ. ಆಮೆಯ ಸುದ್ದಿ ಕೇಳಿ ಈಗಾಗಲೇ ಎರಡು ಮನೆಯವರು ಇನ್ನು ಬರಬೇಡಿ ಎಂದಿದ್ದಾರೆ. ಕೆಲಸಕ್ಕೆ ಹೋಗುವುದಿಲ್ಲ, ಅವರ ಗೇಟು ನೋಡಲು ಹೋಗುತ್ತೇನೆ.

ಹಳೆಯ ಕಡತ ಮುಗಿದುಹೋಗಿದೆ, ಸುಳ್ಳು ಹೇಳಿಕೆ ಕೊಟ್ಟೆನೆಂದು ನೀವಾಗಿ ಹೇಳಿದರೆ ನಿಮ್ಮ ಮೇಲೆಯೇ ಕೇಸಾಗಬಹುದು, ಆಮೆಯ ಮಟ್ಟಿಗೆ ನಿಲ್ಲಿಸೋಣ ಎಂದು ಮುಖ್ಯ ಪೇದೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಒಳ್ಳೆಯ ಮನಸ್ಸಿನಿಂದ ಏನಾಗುತ್ತದೆಂದು ಒಂಬತ್ತು ವರ್ಷ ನೋಡಿದ್ದೇನೆ. ಕೇಸಾಗಲಿ.

ಬರೆದದ್ದನ್ನು ನನಗೆ ಮೊದಲ ಸಾಲಿನಿಂದ ಓದಿ ಹೇಳಿದರು. ಕುಂಡದ ಸಾಲು ಬಿಟ್ಟುಹೋಗಿತ್ತು, ಮತ್ತೆ ಸೇರಿಸಿದ್ದಾರೆ. ಈಗ ಇದರಲ್ಲಿರುವುದೆಲ್ಲ ನಾನು ಹೇಳಿದ್ದೇ, ಹೇಳಿದ್ದೆಲ್ಲ ನಿಜ. ಇದೇ ಠಾಣೆಯಲ್ಲಿ ಒಂಬತ್ತು ವರ್ಷದ ಹಿಂದೆ ನಾನು ಕೊಟ್ಟ ಹೇಳಿಕೆಯಲ್ಲಿ ಗೇಟು ಮುಚ್ಚಿತ್ತು ಎಂದಿದೆ. ಅದನ್ನು ಹೊಡೆದುಹಾಕಬೇಕು. ಗೇಟು ತೆರೆದಿತ್ತು.

ಸ್ಥಳ: ಠಾಣೆ, ಕಿಟಕಿಯ ಪಕ್ಕದ ಮೇಜು (ನಾನೇ ಕೇಳಿ ಇಲ್ಲಿಗೆ ಬಂದು ಕುಳಿತು ಸಹಿ ಹಾಕಿದ್ದು)
ದಿನಾಂಕ: ಜೂನ್ 11, ಬುಧವಾರ, ಬೆಳಿಗ್ಗೆ 11.20
ಸಹಿ: ಪೂಲಕ್ಕ