ಎರಡು ಮೀಟರ್ ಹತ್ತು

ನಗ್ತೀಯಾ? ನಗು, ನಗು ತಾಯಿ, ಮ್ಬಾಕ್ ರಾರಸ್! ಮೊಸಳೆ ಕಥೆ ಕೇಳಿ ಡ್ಯಾಮಿನ ದೊಡ್ಡ ಇಂಜಿನಿಯರೂ ಹಿಂಗೇ ನಕ್ಕಿದ್ದ. ಚಪ್ಪಲಿ ಮೇಲೆ ಅದರ ಹಲ್ಲಿನ ಗುರುತು ತೋರಿಸಿದೆ ನೋಡು, ಬಾಯಿ ಮುಚ್ಕೊಂಡ. ಮೂವತ್ತೊಂದು ವರ್ಷ! ಈ ಹೊಳೆ ಏರಿದ್ದು ಇಳಿದದ್ದು ಈ ಕಾರ್ಸಿಮಾನ್ ಹೇಳದೆ ಜಾವಾದಲ್ಲಿ ಯಾರಿಗೂ ಗೊತ್ತಾಗಿಲ್ಲ. ಒಂದು ಹನಿ ನಾಲಿಗೆ ಮೇಲಿಟ್ಟು ಎಷ್ಟು ಮೀಟರ್ ಅಂತ ಹೇಳ್ತಿದ್ದೆ ನಾನು...

ಟೆಂಪೆ ತಗೋ, ಸೋಯಾಕಾಳಿಂದು, ಬಿಸಿಬಿಸಿ ಕರಿದದ್ದು. ಬೇಡ್ವಾ? ಹೂಂ... ಮತ್ತೆ ಅದೇ ಕಂಪ್ಯೂಟರ್ ರಗಳೆ.

ನೀನು ಪಟ್ಟಣದಲ್ಲಿ ಕೂತು ಪೆಟ್ಟಿಗೆಯೊಳಗೇ ಒಂದು ಹೊಳೆ ಹರಿಸ್ತೀಯಂತೆ. ನಾನು ಫೋನಲ್ಲಿ ನೀರಿನ ಮಟ್ಟ ಹೇಳಿದರೆ, ಕೆಳಗಿನ ಊರಿಗೆ ನಾಳೆ ನೀರು ನುಗ್ಗುತ್ತೋ ಇಲ್ವೋ ಅಂತ ಅದು ಲೆಕ್ಕ ಹಾಕಿ ಹೇಳುತ್ತಂತೆ. ನನ್ನ ಮಗಳು ತುಮಿನಿ ಇರೋದೂ ಅದೇ ಊರಲ್ಲಿ. ಆರು ದಿನದಿಂದ ಒಂದೇ ಉತ್ತರ, 'ಭಯವಿಲ್ಲ'. ಬೆಟ್ಟದ ಮೇಲೆ ಆಕಾಶವೇ ಹರಿದು ಸುರೀತಿದೆ, ಆದರೂ 'ಭಯವಿಲ್ಲ'! ಸೋಮಾರಿ ಅದು. ನಿನ್ನೆಯ ತಂಗಳನ್ನೇ ಬಿಸಿ ಮಾಡಿ ಬಡಿಸ್ತಿದೆ. ಮಾಡಿದ ಲೆಕ್ಕ ಎತ್ತಿಡೋ ಗಡಿಗೆ ಇದೆ ಅಂದೆಯಲ್ಲ, ಕ್ಯಾಶೋ ಗೀಶೋ, ಒಡೆದು ಹಾಕು ಅದನ್ನ!

ಹಾಕಿದೆಯಾ? ಮೂರು ಸಲ? ಪೂರ್ತಿ ಅಳಿಸಿ ಹೊಸದಾಗಿ ಲೆಕ್ಕ ಮಾಡಿಸಿದರೂ... ಅದೇ ಉತ್ತರವಾ?

ಏನದು ಸರಸರ? ಕಾಗದಾನಾ? ನೀನೇ ಓದು. ಕನ್ನಡಕ ಎಲ್ಲೋ ಇಟ್ಟಿದೀನಿ.

...ಓ. ನಾನು ಹೇಳಿದ ಮಟ್ಟಗಳು. ಎರಡು ಮೀಟರ್ ಹತ್ತು. ಎರಡು ಮೀಟರ್ ಹತ್ತು. ಆರು ದಿನವೂ. ಹೌದು, ಇದ್ದದ್ದನ್ನ ಹೇಳಿದೆ! ಕೊಟ್ಟ ಮಟ್ಟವನ್ನೇ ಮತ್ತೆ ಕೊಟ್ಟರೆ ಅದು ಹೇಳಿದ್ದೇ ಹೇಳುತ್ತೆ ಅಂತೀಯಾ? ಕಂಪ್ಯೂಟರಿನ ತಪ್ಪಿಲ್ವಾ? ಮತ್ತೆ ಯಾರದ್ದು? ಹೊಳೆ ಹಠ ಹಿಡಿದು ನಿಂತಿದ್ದರೆ ನಾನೇನ್ ಮಾಡ್ಲಿ!

ಬಾಗಿಲಿಗೆ ಅಡ್ಡ ನಿಲ್ಲಬೇಡ ತಾಯಿ. ಮಟ್ಟ ನೋಡೋಕೆ ಕೆಳಗೆ ಹೊಳೆ ಹತ್ರ ಬರಲ್ಲ ನಾನು. ಮೆಟ್ಟಿಲೆಲ್ಲ ಪಾಚಿ... ಮಂಡಿ ಬೇರೆ... ಇವತ್ತು ಶುಕ್ರವಾರ, ನಮಾಜಿಗೆ ಹೊತ್ತಾಯ್ತು, ಬಿಡು ದಾರಿ...

ಸದ್ದಾ? ಮಳೆಗಾಲದಲ್ಲಿ ಹಿಂಗೇ ಗೊಣಗುತ್ತೆ ಈ ಮುದಿ ಹೊಳೆ.

ಆಯ್ತು ಮಾರಾಯ್ತಿ, ಕಿಟಕಿಯಿಂದಲೇ ತೋರಿಸ್ತೀನಿ ಬಾ. ಅಗೋ, ಬಂಡೆ ಪಕ್ಕ ಅಳತೆಗಂಬ. ಬಿಳಿ ಬಣ್ಣ, ಕೆಂಪು ಗೀಟು. ನೀರು ಗೀಟಿನ ಕೆಳಗೇ ಇದೆ. ಹದ್ದಿನ ಕಣ್ಣು ನಂದು! ಕಂಡಿತಾ? ನನ್ನ ಬೆರಳಿನ ನೇರಕ್ಕೆ...

ಯಾಕೆ, ನಿನ್ನ ಉಸಿರು ನನ್ನ ಕಡೆ ತಿರುಗಿತು? ಹೊಳೆ ನೋಡು ಅಂದರೆ ನನ್ನ ಮುಖ ನೋಡ್ತಿದೀಯಾ?

ಮಾತಾಡು.

ರಾರಸ್... ಕಂಬ ಇಲ್ವಾ ಅಲ್ಲಿ?

ಬಂಡೆ? ಬಂಡೇನೂ... ಮುಳುಗಿದೆಯಾ?

ಕಣ್ಣು ಹೋಗಿ ಎರಡು ತಿಂಗಳಾಯ್ತಮ್ಮ. ಎಲ್ಲಾ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಹೊಳೆ ದಾಟಿಸೋ ದೋಣಿಯವನು ಕಂಬ ಓದಿ ಹೇಳ್ತಿದ್ದ. ಅವನು ಆರು ದಿನದಿಂದ ಬಂದಿಲ್ಲ, ಅವನು ಕೊನೆಗೆ ಹೇಳಿದ್ದನ್ನೇ ನಾನು ದಿನಾ ಒಪ್ಪಿಸಿದೆ. ಸದ್ದು ಕೇಳ್ತಿತ್ತು ನನಗೆ... ದಿನಾ ಕೇಳ್ತಿತ್ತು.

ಫೋನ್ ತೆಗಿ. ಊರು ಖಾಲಿ ಮಾಡಿಸು, ಬೇಗ! ಮಟ್ಟ ಓದಿದ್ದು ಯಾರು ಅಂತ ಕೇಳ್ತಾರೆ. ನನ್ನ ಹೆಸರು ಮಾತ್ರ ಹೇಳಬೇಡ.