ಏಳನೆಯ ದಿನದ ಹೊಸ ಮುಖ

೧೪ ನವೆಂಬರ್ ೨೦೨೫, ಶುಕ್ರವಾರ ಸಂಜೆ. ಕುವೈತ್, ಅಬ್ಬಾಸಿಯಾದ ಒಂದು ಶಾಲೆಯ ಸಭಾಂಗಣ. ಓದುಗರ ಬಳಗದ ವಾರ್ಷಿಕ ಸಭೆ. ಊರಿಗೆ ಮರಳಲಿರುವ ಇಬ್ರಾಹಿಂ ಖಲೀಲ್ ಅವರಿಗೆ ಬೀಳ್ಕೊಡುಗೆ. ಡೋಲ್ಫಿಯವರ ಮಾತು.

ಅಧ್ಯಕ್ಷತೆ ವಹಿಸಿರುವ ಎಲಿಜಬೆತ್ ಅವರೇ, ಇಂದಿನ ಗೌರವಕ್ಕೆ ಪಾತ್ರರಾದ ಇಬ್ರಾಹಿಂ ಖಲೀಲ್ ಅವರೇ, ಸಭಿಕರೇ, ಹಿಂದಿನ ಸಾಲಿನಲ್ಲಿ ನನ್ನ ಕನ್ನಡವನ್ನು ಇಂಗ್ಲಿಷಿನಲ್ಲಿ ಸಹಿಸಿಕೊಳ್ಳುತ್ತಿರುವ ಮಕ್ಕಳೇ,

ಈ ವರ್ಷ ಓದಿದ ಒಂದು ಪುಸ್ತಕದ ಬಗ್ಗೆ ಮಾತಾಡಿ ಎಂದು ಅಧ್ಯಕ್ಷರು ಹೇಳಿದ್ದಾರೆ. ನಾನು ಓದುವುದು ಅನುವಾದದ ಕಾದಂಬರಿಗಳನ್ನು ಮಾತ್ರ. ಬೇರೆಯವರ ಮನೆಯ ವಿಷಯ, ಅದೂ ಎರಡು ಭಾಷೆ ದಾಟಿ ಬಂದದ್ದು. ಅದು ನನ್ನಿಂದ ಏನನ್ನೂ ಕೇಳಲಾರದು ಎಂಬ ಧೈರ್ಯ.

ಈ ಕಾದಂಬರಿಯಲ್ಲಿ ಯುದ್ಧಕಾಲ. ಯೆಹೂದ್ಯರ ಬೀದಿಗೆ ಬೇಲಿ ಹಾಕಿದ್ದಾರೆ. ಒಳಗೊಂದು ಮದುವೆ. ಅಂಥ ದಿನಗಳಲ್ಲಿ ಮದುವೆಯೇ? ನಾನು ಕೇಳಿಕೊಂಡೆ, ಅವರು ಕೇಳಿಕೊಳ್ಳುವುದಿಲ್ಲ. ಇರುವ ಬೀಟ್‌ರೂಟನ್ನು ಬೇಯಿಸುತ್ತಾರೆ, ಇರುವ ಒಂದೇ ಒಳ್ಳೆಯ ಕೋಟನ್ನು ಸರದಿಯಂತೆ ತೊಟ್ಟು ಕುಣಿಯುತ್ತಾರೆ. ಮದುವೆಯ ಬಳಿಕ ಏಳು ದಿನ ವಧೂವರರಿಗೆ ಊಟ, ಊಟದ ಕೊನೆಗೆ ಅವರನ್ನು ಹರಸುವ ಏಳು ಪ್ರಾರ್ಥನೆ. ಇದಕ್ಕೊಂದು ಕಟ್ಟಳೆ ಉಂಟು. ಅನುವಾದಕರು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದಾರೆ. ಅಡಿಟಿಪ್ಪಣಿ ಓದದವರಿಗೆ ಈ ಕಥೆ ದಕ್ಕುವುದಿಲ್ಲ. ಪ್ರತಿದಿನ, ಹಿಂದಿನ ಊಟಗಳಿಗೆ ಬಾರದ ಒಬ್ಬರಾದರೂ ಇರಬೇಕು. ಅವರಿಗೆ ‘ಹೊಸ ಮುಖ’ ಎನ್ನುತ್ತಾರೆ. ಅವರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ಗೆ ಮಾತ್ರ ವಿನಾಯಿತಿ.

ಬೇಲಿಯೊಳಗೆ ಹೊಸ ಮುಖವನ್ನು ಎಲ್ಲಿಂದ ತರುವುದು? ಏಳನೆಯ ದಿನ ನೋಡಿದರೆ ಎಲ್ಲರೂ ಉಂಡುಹೋದವರೇ. ಆಗ ವಧುವಿನ ಅಜ್ಜಿಗೆ ಮೇಲಿನ ಮಹಡಿಯ ಗಡಿಯಾರ ರಿಪೇರಿಯವನ ನೆನಪಾಗುತ್ತದೆ. ಹೆಂಡತಿ ತೀರಿದ ಮೇಲೆ ಕೋಣೆ ಬಿಟ್ಟವನಲ್ಲ. ಅವನನ್ನು ಕುರ್ಚಿ ಸಮೇತ ಎತ್ತಿ ತರುತ್ತಾರೆ. ಅವನು ಉಣ್ಣುವುದಿಲ್ಲ, ನಗುವುದಿಲ್ಲ. ಆದರೂ ಅವನು ಬಂದ ಮೇಲೆಯೇ ಹಾಡು ಶುರುವಾಗುತ್ತದೆ. ಅವನಿಲ್ಲದೆ ಅವರ ಮದುವೆ ಮುಗಿಯುತ್ತಿರಲಿಲ್ಲ.

ಕಾಗದದಲ್ಲಿ ಇಷ್ಟೇ ಬರೆದುಕೊಂಡಿದ್ದೆ.

೨೦೨೦ರಲ್ಲಿ ಇದೇ ಅಬ್ಬಾಸಿಯಾಕ್ಕೆ ತಂತಿಬೇಲಿ ಹಾಕಿದ್ದು ನಿಮಗೆ ನೆನಪಿರಬಹುದು. ನಮಗೆ ಬಂದದ್ದು ರೋಗ, ಅವರಿಗೆ ಬಂದದ್ದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ತಪ್ಪು ಮಾಡುವುದಿಲ್ಲ. ಆ ಫೆಬ್ರವರಿಯಲ್ಲಿ ನನ್ನ ಹೆಂಡತಿ ಬೆಟ್ಟಿಯನ್ನು ಊರಿನ ಇಗರ್ಜಿಯಲ್ಲಿ ಮಣ್ಣುಮಾಡಿ ಬಂದಿದ್ದೆ. ಜೂನಿನಲ್ಲಿ, ನನ್ನ ಕೆಳಗಿನ ಮನೆಯ ಇಬ್ರಾಹಿಂ ಖಲೀಲ್ ಅವರ ಮಗಳು ರಶೀನಾಳ ನಿಕಾಹ್ ವಿಡಿಯೋ ಕರೆಯಲ್ಲಿ ನಡೆಯಿತು. ವರ ಉಳ್ಳಾಲದಲ್ಲಿ ಸಿಕ್ಕಿಕೊಂಡಿದ್ದ. ಕಟ್ಟಡದವರೆಲ್ಲ ತಮ್ಮ ತಮ್ಮ ಹೊಸ್ತಿಲಲ್ಲೇ ನಿಂತು ಹಾಡುವುದೆಂದು ಮಾತಾಗಿತ್ತು. ಇವರು ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲು ತಟ್ಟಿದರು.

“ಡೋಲ್ಫಿಯವರೇ, ಬಾಗಿಲು ತೆಗೀಬೇಡಿ ಮಾರಾಯ್ರೆ. ಒಳಗಿಂದಲೇ ಒಂದು ಹೂಂ ಅನ್ನಿ, ಸಾಕು. ಬಿಲ್ಡಿಂಗಿನಲ್ಲಿ ನೀವೊಬ್ಬರೇ ಬಾಕಿ.”

ಆಫೀಸು ಕೆಲಸ ಉಂಟು ಎಂದೆ. ಆಫೀಸು ಮುಚ್ಚಿ ಮೂರು ತಿಂಗಳಾಗಿತ್ತು. ಅದು ಅವರಿಗೂ ಗೊತ್ತಿತ್ತು. ತಟ್ಟೆಯೊಂದನ್ನು ಹೊಸ್ತಿಲಲ್ಲಿ ಇಟ್ಟು ಹೋದರು. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಹಾಡನ್ನು ಕೊನೆಯವರೆಗೂ ಕೇಳಿದೆ. ಆಮೇಲೆ ತಟ್ಟೆ ಒಳಗೆ ತಂದೆ. ತುಪ್ಪದನ್ನ ತಣ್ಣಗಾಗಿತ್ತು. ಇಬ್ಬರಿಗಾಗುವಷ್ಟಿತ್ತು.

ಆ ಸ್ಟೀಲಿನ ತಟ್ಟೆ ಇನ್ನೂ ನನ್ನಲ್ಲೇ ಇದೆ. ತಟ್ಟೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದು ಎಂದು ಬೆಟ್ಟಿ ಹೇಳುತ್ತಿದ್ದಳು. ಏನು ಹಾಕಿ ಕೊಡುವುದೆಂದು ತಿಳಿಯದೆ ಐದು ವರ್ಷ ಕಳೆಯಿತು.

ನಾಳೆ ಅವರ ಮನೆಯಲ್ಲಿ, ಇಲ್ಲಿನ ಕೊನೆಯ ಊಟ. ಕಳೆದ ವಾರ ಕರೆಯಲು ಬಂದಾಗ ನಾನು ಕೊಟ್ಟ ಉತ್ತರವನ್ನು ನೀವು ಊಹಿಸಬಹುದು. ನಮ್ಮ ಮ್ಯಾನೇಜರ್ ನೈಜೆಲ್ ಇಲ್ಲೇ ಕುಳಿತಿದ್ದಾರೆ. ಶನಿವಾರ ನಮಗೆ ರಜೆ.

ನಾಳೆ ಹದಿನೆಂಟು ಮೆಟ್ಟಿಲು ಇಳಿಯುವುದೆಂದು ತೀರ್ಮಾನಿಸಿದ್ದೇನೆ. ತಟ್ಟೆಯನ್ನು ತೊಳೆದಿಟ್ಟಿದ್ದೇನೆ. ಅದರಲ್ಲಿ ಏನು ಹಾಕುವುದೆಂದು ಇನ್ನೂ ತಿಳಿದಿಲ್ಲ, ಖಾಲಿಯಾದರೂ ತರುತ್ತೇನೆ.

ಪುಸ್ತಕದ ಬಗ್ಗೆ ಕೇಳಲು ಬಂದು ಇಷ್ಟನ್ನೂ ಕೇಳಿಸಿಕೊಂಡ ನಿಮಗೆ ನಾನು ಕೃತಜ್ಞ. ಇಬ್ರಾಹಿಂ ಖಲೀಲ್ ಅವರೇ, ಹೂಂ.

ನಮಸ್ಕಾರ.